ಸ್ವಂತ ಸಾಗುವಳಿ

ಕೆಂಪು ಕೆರೆದರೆ ನೀಲಿ, ನೀಲಿ ಕೆರೆದರೆ ಬೂದಿ. ಟ್ರ್ಯಾಕ್ಟರಿನ ಎಡ ಮಡ್‌ಗಾರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತ ಅಜಯನಿಗೆ ಬೆಳಗಿನಿಂದ ಇದೇ ಗೋಳು. ಕುಮಟೆ ಪೇಟೆಯಲ್ಲಿ ಬೋರ್ಡು ಬರೆದು ಬದುಕುವವನಿಗೆ ಐವತ್ತು ವರ್ಷ ಹಳೆಯ ಯಂತ್ರದ ಅಸಲಿ ಬಣ್ಣ ಎಲ್ಲಿಂದ ಗೊತ್ತಿರಬೇಕು? ಹಳೇ ಗಾಡಿಗಳ ಹುಚ್ಚಿನವರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದರೆ, ಬೂದಿಯೇ ಕಂಪನಿ ಬಣ್ಣ ಎಂದ ಒಬ್ಬ. ಅದು ಬರೀ ಪ್ರೈಮರ್ ಎಂದ ಇನ್ನೊಬ್ಬ. ಬಾನೆಟ್ಟಿನ ಅಕ್ಷರ ಬಲಕ್ಕೆ ವಾಲಿರಬೇಕು, ನೇರ ಬರೆದರೆ ಮಹಾಪಾಪ ಎಂಬಂತೆ ಹೆದರಿಸಿದ ಮತ್ತೊಬ್ಬ. ಅಷ್ಟರಲ್ಲಿ ಪಾಲಿಶ್ ಪೇಪರಿನ ಅಡಿಯಿಂದ ಬಿಳಿ ಅಕ್ಷರಗಳು ಎದ್ದವು. ಯಾವ ಕಂಪನಿಯೂ ಬರೆಯದಿದ್ದ ಕನ್ನಡದ ಅಕ್ಷರಗಳು: ಸ್ವಂತ ಸಾಗುವಳಿ.

ರಾಜೇಶ ಕುಣಿಯುವುದೊಂದು ಬಾಕಿ. ಹೊಳನಗದ್ದೆಯ ಅಜ್ಜನ ಮನೆಯನ್ನು ಹೋಮ್‌ಸ್ಟೇ ಮಾಡಿ, ಕೊಟ್ಟಿಗೆಯಲ್ಲಿ ತುಕ್ಕು ತಿನ್ನುತ್ತಿದ್ದ ಟ್ರ್ಯಾಕ್ಟರನ್ನು ಅಂಗಳದ ಶೋಭೆಗೆ ನಿಲ್ಲಿಸಿದವನು ಅವನು.

"ನೋಡು, ನಮ್ಮಜ್ಜ ಸ್ವತಃ ಗೇದ ಮನುಷ್ಯ. ಕಂಪನಿ ಗಿಂಪನಿ ಬಿಡು, ಇದೇ ಒರಿಜಿನಲ್. ದಪ್ಪ ಮಾಡಿ ಬರಿ, ರಸ್ತೆಗೆ ಕಾಣ್ಬೇಕು."

"ಮುಂದಿನ ಅಚ್ಚಿನ ಮೇಲೆ ಗಾಯ ಅದೆಯಲ್ಲ ರಾಜೇಶಣ್ಣ, ಅದು?"

"ಅಜ್ಜ ಬಂಡೆ ಕಿತ್ತಾಗ ಆದದ್ದಂತೆ. ಪುಟ್ಟಿ ಹಾಕಿ ಮುಚ್ಚು. ಇದು ಚೆಂದ ಆತು ಅಂದ್ರೆ ರೂಮಿನ ಬೋರ್ಡೆಲ್ಲ ನಿಂಗೇ."

ಮಧ್ಯಾಹ್ನ ಬುತ್ತಿ ತಂದ ಸಣ್ಣಿ ಗೇಟಿನ ಹೊರಗೇ ನಿಂತಳು. ಅಜಯನ ಅಜ್ಜಿ. ಆ ಅಂಗಳಕ್ಕೆ ಕರೆಯದೆ ಕಾಲಿಡುವ ಧೈರ್ಯ ಈ ವಯಸ್ಸಿನಲ್ಲೂ ಅವಳಿಗೆ ಬಂದಿಲ್ಲ. ಮೊಮ್ಮಗನೇ ಕೈ ಹಿಡಿದು ಎಳೆದು ತಂದ. ಟ್ರ್ಯಾಕ್ಟರ್ ಕಂಡದ್ದೇ ಬಾಯಿಗೆ ಸೆರಗು ಒತ್ತಿ ನಕ್ಕಳು.

"ಇದು ಇನ್ನೂ ಸಾಯ್ಲಿಲ್ವಾ?"

"ನಿಂಗೆ ಇದ್ರ ಗುರ್ತು ಅದೆಯಾ ಅಜ್ಜಿ?"

"ಇಲ್ದೆ ಎಂತ. ಗೇಣಿ ಕಾನೂನು ಬಂತಲ್ಲ ತಮಾ, ಆ ವರ್ಷ ಒಡೇರು, ಈ ರಾಜೇಶನ ಅಜ್ಜ, ತಂದದ್ದು. ನಾವು ಗೇಯೂ ಗದ್ದೆ ಎಲ್ಲಿ ನಮ್ಮದಾಗ್ತದೋ ಅಂತ, ತಾವೇ ಗೇಯೂದು ಅಂತ ತೋರ್ಸೂಕೆ. ದೀವಳಿಗೆ ಮಾರನೇ ದಿನ ತಾಲೂಕಾಫೀಸಿನ ಸಾಯ್ಬರು ಬರೂದಿತ್ತು, ಗೇಯೋರು ಯಾರು ಅಂತ ನೋಡೂಕೆ. ಇದು ಗದ್ದೆಗೆ ಇಳಿದದ್ದೇ ಹೊಟ್ಟೆಮಟ ಹೂತ್ಹೋತು. ಒಡೇರು ಕೂಗಿದ್ರು. ನಿನ್ನಜ್ಜ ಎತ್ತು ಕಟ್ಟಿ ಎಳೆದು ಕೊಟ್ಟ."

"ಬೊಮ್ಮಜ್ಜನೇ ಎಳೆದು ಕೊಟ್ನಾ?"

"ಒಡೇರು ಕೂಗಿದ್ರೆ ಹೋಗ್ದೆ ಇರೂ ಕಾಲವಾ ಅದು? ಸರಪಳಿ ಇಲ್ಲೇ ಬಿಗಿದದ್ದು." ಅವಳ ಬೆರಳು ಅಚ್ಚಿನ ಗಾಯದೊಳಗೆ ಸಲೀಸಾಗಿ ಕೂತಿತು. "ಎತ್ತಿನ ಮೈಮೇಲೆ ಹಬ್ಬದ ಬಿಳಿ ಶೇಡಿಮಣ್ಣಿನ ಉಂಗುರ ಹಾಗೇ ಇತ್ತು. ನಾನೇ ಅಳತೆಯ ಸಿದ್ದೆ ಅದ್ದಿ ಒತ್ತಿದ್ದು."

"ಸಾಯ್ಬರು ಎತ್ತು ನೋಡ್ಲಿಲ್ವಾ?"

"ಅವರು ಬಂದದ್ದು ಇದು ಮೇಲೆ ಬಂದ ಮೇಲೆ. ಈ ಅಕ್ಷರ ನೋಡಿದ್ರು, ತಲೆ ಆಡ್ಸಿದ್ರು, ಹೋದ್ರು. ಗದ್ದೆ ಒಡೇರದೇ ಅಂತ ಆತು. ಎಂತ ಬರದದೆ ತಮಾ ಅಲ್ಲಿ?"

ಅಜಯ ಓದಿ ಹೇಳಿದ. ಸಣ್ಣಿ ಈ ಸಲ ನಗಲಿಲ್ಲ. ಬುತ್ತಿ ಬಿಚ್ಚಿ ಗಂಜಿ ಬಡಿಸಿದಳು.

ಅಜಯ ಗಂಜಿಯ ತಟ್ಟೆ ಪಕ್ಕಕ್ಕಿಟ್ಟು ಮತ್ತೆ ಮಡ್‌ಗಾರ್ಡಿನ ಮುಂದೆ ಕೂತ. ಬರೆಯದೆ ಬಿಟ್ಟರೆ ಹೋಮ್‌ಸ್ಟೇಯ ಅಷ್ಟೂ ಬೋರ್ಡು ಕೈತಪ್ಪುತ್ತವೆ. ಬರೆದರೆ, ಅಜ್ಜನ ಗದ್ದೆ ಕಸಿದ ಸುಳ್ಳನ್ನು ಅವನ ಮೊಮ್ಮಗನೇ ತಿದ್ದಿ ತೀಡಿ ಹೊಸದು ಮಾಡಿಕೊಟ್ಟಂತೆ. ಹಾಗಂತ ಅಕ್ಷರ ಖೋಟಾ ಎನ್ನುವಂತೆಯೂ ಇಲ್ಲ. ಅವು ಅಲ್ಲಿ ಇದ್ದದ್ದು ನಿಜ, ಸಾಹೇಬರು ಓದಿದ್ದು ನಿಜ, ಗದ್ದೆ ಹೋದದ್ದಂತೂ ನಿಜವೇ. ಇಷ್ಟೆಲ್ಲ ನಿಜದ ನಡುವೆ ಸುಳ್ಳು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಅವನಿಗಾಗಲಿಲ್ಲ. ಗುಂಪಿನವರನ್ನು ಕೇಳೋಣವೆಂದು ಫೋನು ತೆಗೆದ. ಏನೆಂದು ಕೇಳುವುದು? ಜೇಬಿಗೆ ಹಾಕಿದ.

ಕೊನೆಗೆ ಕುಂಚ ಎತ್ತಿಕೊಂಡ. ಹೇಳಿದಂತೆಯೇ ದಪ್ಪಗೆ, ರಸ್ತೆಗೆ ಕಾಣುವಂತೆ ಬರೆದ. ಆಮೇಲೆ, "ಅಜ್ಜಿ, ಅಕ್ಕಿ ಅಳೆಯೂ ಸಿದ್ದೆ ತಗಂಡ್ ಬಾ" ಎಂದ. ಅವಳು ಯಾಕೆಂದು ಕೇಳದೆ ಮನೆಯಿಂದ ತಂದು ಕೊಟ್ಟಳು. ಹಬ್ಬದಲ್ಲಿ ದನಗಳಿಗೆ ಒತ್ತುವ ಹಾಗೆಯೇ, ಸಿದ್ದೆಯ ಬಾಯನ್ನು ಬಿಳಿ ಬಣ್ಣಕ್ಕೆ ಅದ್ದಿ ಬಾನೆಟ್ಟಿನ ತುಂಬ ಉಂಗುರ ಒತ್ತಿದ. ಅಚ್ಚಿನ ಗಾಯಕ್ಕೆ ಪುಟ್ಟಿ ಮುಟ್ಟಿಸಲಿಲ್ಲ.

ಸಂಜೆ ಬಂದ ರಾಜೇಶ ಟ್ರ್ಯಾಕ್ಟರಿಗೆ ಒಂದು ಸುತ್ತು ಬಂದ.

"ಇದೆಂತಾ ಮಾರಾಯ, ಟ್ರ್ಯಾಕ್ಟರಿಗೆ ಎತ್ತಿನ ಉಂಗುರ? ಬಂದೋರು ನಗಾಡ್ತ್ರು."

"ಒರಿಜಿನಲ್ ಬೇಕಂದ್ರಲ್ಲ. ಸಾಯ್ಬರು ಬಂದ ದಿನ ಇದನ್ನ ಹೂತ ಕೆಸರಿಂದ ಎಳೆದದ್ದು ನಮ್ಮ ಬೊಮ್ಮಜ್ಜನ ಎತ್ತು. ಬಂಡೆ ಗಿಂಡೆ ಅಲ್ಲ, ಅದು ಸರಪಳಿ ಗಾಯ."

ರಾಜೇಶ ಸಣ್ಣಿಯ ಕಡೆ ನೋಡಿದ. ಅವಳು ಮುಖ ತಿರುಗಿಸಲಿಲ್ಲ.

"ಉಂಗುರ ಅಳಸು."

"ಅಳಸ್ತೆ. ಅಳಸೂದಾದ್ರೆ ಅಕ್ಷರನೂ ಅಳಸ್ತೆ. ಇಟ್ರೆ ಎರಡೂ ಇಡೂದು. ಯಾವ್ದು, ನೀವೇ ಹೇಳಿ."

ರಾಜೇಶ ಬಾನೆಟ್ಟು ನೋಡಿದ, ಮಡ್‌ಗಾರ್ಡು ನೋಡಿದ, ಮತ್ತೆ ಬಾನೆಟ್ಟು ನೋಡಿದ. ಅವನ ಮಾತಿಗೆ ಕಾಯದೆ ಸಣ್ಣಿ ಎದ್ದು ಬಂದು, ಮಡ್‌ಗಾರ್ಡಿನ ಅಕ್ಷರಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದಳು. ಹಸಿ ಬಣ್ಣ ಬೆರಳಿಗೆ ಮೆತ್ತಿತು.

"ಇದ್ರಲ್ಲಿ ನಮ್ಮ ಗದ್ದೆ ನುಂಗಿದ ಅಕ್ಷರ ಯಾವ್ದು ತಮಾ?"