ಹಿನ್ನೆಲೆಯಲ್ಲಿ ರೈಟರ್

"ನಮ್ಮ ರೈಟರ್‌ಗೆ ನಿನ್ನ ಕಂಪ್ಯೂಟರ್‌ನಲ್ಲಿ ಏನ್ ಕೆಲ್ಸ?" ಎಂದು ನಂದೀಶ್ ಕೇಳಿದಾಗ ಹೆಂಡತಿ ಸೌಮ್ಯಳಿಗೆ ಅರ್ಥವಾಗಲಿಲ್ಲ. ಅವನ ಬೆರಳು ಪರದೆಯ ಮೇಲಿತ್ತು. ಹಿನ್ನೆಲೆಯಲ್ಲಿ ಓಡುತ್ತಿದ್ದ ಪ್ರೋಗ್ರಾಮ್‌ಗಳ ನಡುವೆ 'ಮೀಡಿಯಾ ರೈಟರ್' ಎಂಬ ಹೆಸರಿತ್ತು. ಕೊಡ್ಲಿಪೇಟೆ ಬಳಿಯ ಅವರ ಕಾಫಿ ಎಸ್ಟೇಟ್‌ನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವ ಮಿಲನ್ ಒಬ್ಬನೇ. ಈ ಕಂಪ್ಯೂಟರನ್ನು ರಿಪೇರಿ ಮಾಡಿಕೊಟ್ಟವನೂ ಅವನೇ. ಅವನು ಬಂದ ದಿನ ಮಾತ್ರ ಟೀಗೆ ಏಲಕ್ಕಿ ಬೀಳುವುದನ್ನು ನಂದೀಶ್ ಗಮನಿಸಿದ್ದ.

"ಏನೋ ಕಳ್ಳ ಪ್ರೋಗ್ರಾಮ್ ಹಾಕವ್ನೆ. ನೀನು ಏನ್ ಮಾಡ್ತೀಯ ಅಂತ ಅಲ್ಲೇ ಕೂತ್ಕಂಡು ನೋಡ್ತಾನೆ."

ಸೌಮ್ಯ ನಕ್ಕಳು. "ರೀ, ಇದು ಆ ರೈಟರ್ ಅಲ್ಲ. ಹಾಡು ಕೇಳೋ ಪ್ಲೇಯರ್ ಜೊತೆ ಬಂದಿರೋದು." ಅವಳು ಫೈಲ್ ಇರುವ ಜಾಗ ತೆರೆದು ತೋರಿಸಿದಳು. ಅದು ಪ್ಲೇಯರ್‌ನ ಫೋಲ್ಡರ್‌ನಲ್ಲೇ ಇತ್ತು. ಡಿಜಿಟಲ್ ಸಹಿಯೂ ಅದನ್ನು ತಯಾರಿಸಿದ ಕಂಪನಿಯದೇ. ಆಂಟಿವೈರಸ್‌ಗೂ ಏನೂ ಸಿಗಲಿಲ್ಲ.

ನಂದೀಶ್‌ಗೆ ನಾಚಿಕೆಯಾಯಿತು. "ಹೆಸ್ರು ನೋಡಿ ತಲೆ ಕೆಟ್ಟೋಯ್ತು ಕಣೆ," ಎಂದು ಅವನೂ ನಕ್ಕ. "ಮತ್ತೆ ಇದು ಯಾವಾಗ್ಲೂ ಹಿಂಗೇ ಓಡ್ತಾ ಇರ್ತದಾ?"

"ಇಲ್ಲ. ಹಾಡನ್ನ ಸೀಡಿಗೆ ಹಾಕುವಾಗ ಮಾತ್ರ," ಎಂದ ಸೌಮ್ಯ ಅಲ್ಲಿಗೇ ಮಾತು ನಿಲ್ಲಿಸಿದಳು.

ನಂದೀಶನ ನಗುವೂ ನಿಂತಿತು. ಮನೆಯ ಸೀಡಿ ಪ್ಲೇಯರ್ ಗುಜರಿ ಸೇರಿ ವರ್ಷಗಳಾಗಿದ್ದವು. ಇಡೀ ಎಸ್ಟೇಟ್‌ನಲ್ಲಿ ಈಗಲೂ ಸೀಡಿ ಹಾಕಿ ಹಾಡು ಕೇಳುವುದು ಒಂದೇ ಕಡೆ, ಮಿಲನ್‌ನ ಹಳೆಯ ಜೀಪಿನಲ್ಲಿ.