ಮಹಾರಾಣಿಯ ಗಂಟಲು

ವೈದ್ಯೆ ಉದ್ದನೆಯ ಕೋಲಿನ ತುದಿಗೆ ಸೂಜಿ ಸಿಕ್ಕಿಸಿದಳು. ಪಂಜರದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದವನು ಬೇರೆ ಯಾರೋ ಅಲ್ಲ, ಅವಳ ಒಡಹುಟ್ಟಿದ ತಮ್ಮ. ಒಳಗಿದ್ದುದು ಅವನ ಮುದ್ದಿನ ಮಹಾರಾಣಿ, ಕಣ್ಣು ಬಿಡುವ ಮೊದಲೇ ಕಾಡಿನಿಂದ ಬಂದ ನರಿ.

ಪ್ರಾಣಿಗಳ ಆ ಆಸ್ಪತ್ರೆಯಲ್ಲಿ ಅಕ್ಕನದು ಚಿಕಿತ್ಸೆ, ತಮ್ಮನದು ಆರೈಕೆ. ಬಾಟಲಿಯಲ್ಲಿ ಹಾಲು ಕುಡಿಸಿ, ಎದೆಗವಚಿ ಮಲಗಿಸಿ ಮರಿಯನ್ನು ಬದುಕಿಸಿದವನು ಅವನೇ. ನಾಳೆ ಹೆಂಡತಿ ಬಂದರೆ ಅವಳನ್ನೂ ಹೀಗೆ ನೋಡಿಕೊಳ್ಳುತ್ತೀಯೋ ಇಲ್ಲವೋ ಎಂದು ಅಕ್ಕ ರೇಗಿಸುತ್ತಿದ್ದಳು.

ಕಳೆದ ವಾರ ಪಕ್ಕದ ಪಂಜರದ ನರಿಗಳು ಒಂದರ ಹಿಂದೊಂದು ಸತ್ತವು. ಹೆಣ ಎತ್ತಿದವನೂ ಪಂಜರ ತೊಳೆದವನೂ ತಮ್ಮನೇ. ಪ್ರಯೋಗಾಲಯದವರು ಒಂದು ಬ್ಯಾಕ್ಟೀರಿಯಾ ಕಂಡುಹಿಡಿದರು. ಇದುವರೆಗೆ ಕಾಡುಪ್ರಾಣಿಗಳಲ್ಲಷ್ಟೇ ಸಿಕ್ಕಿದ್ದು; ಅದಕ್ಕೆ ಮದ್ದು ಯಾವುದೆಂದು ಯಾರಿಗೂ ಗೊತ್ತಿಲ್ಲ. ಮೇಲಿನಿಂದ ಆದೇಶ ಬಂತು: ಉಳಿದಿರುವ ನರಿಯ ಗಂಟಲ ದ್ರವ ಕಳಿಸಿ, ಅದರಲ್ಲೂ ಸಿಕ್ಕರೆ ಕೊಂದುಬಿಡಿ.

ಮಹಾರಾಣಿಗೋ ತಮ್ಮನ ಕೈಯೊಂದು ಬಿಟ್ಟು ಯಾರ ಕೈ ಕಂಡರೂ ಆಗದು. ಹತ್ತಿಕಡ್ಡಿ ಹಿಡಿದು ಅವನೊಬ್ಬನೇ ಒಳಗೆ ಹೋದ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದ. ಕೈಮೇಲೆ ಒಂದು ಗೀರೂ ಇರಲಿಲ್ಲ. ಭಲೇ, ಎಂದು ಅಕ್ಕ ಬೆನ್ನು ತಟ್ಟಿದ್ದಳು.

ಇವತ್ತು ಫೋನ್ ಬಂತು. ಸಿಕ್ಕಿದೆಯಂತೆ.

ತಮ್ಮ ನಂಬಲೇ ಇಲ್ಲ. ಇರೋಕೆ ಸಾಧ್ಯವೇ ಇಲ್ಲ, ಇನ್ನೊಮ್ಮೆ ನೋಡಿ ಅಂತ ಹೇಳು ಎಂದು ಗೋಗರೆದ. ಕುತ್ತಿಗೆಯ ಮಫ್ಲರ್ ಬಿಗಿಮಾಡಿಕೊಂಡು ಕೆಮ್ಮಿದ. ಮೊನ್ನೆಯಿಂದ ಹೀಗೇ, ಹುಲ್ಲಿನ ಧೂಳು ಎನ್ನುತ್ತಿದ್ದ, ಊಟ ಮಾತ್ರ ಮುಟ್ಟುತ್ತಿರಲಿಲ್ಲ. ಇತ್ತ ನರಿ ಬೆಳಗಿನ ಮಾಂಸ ಮುಗಿಸಿ ತಟ್ಟೆಯನ್ನೂ ನೆಕ್ಕಿಟ್ಟಿತ್ತು. ಅಕ್ಕ ತಟ್ಟೆಯಿಂದ ಕಣ್ಣು ಕಿತ್ತು ಕೋಲನ್ನು ಎತ್ತಿ ಹಿಡಿದಳು.

"ಸರಿಯೋ ಪಕ್ಕಕ್ಕೆ. ಇದನ್ನ ಹೀಗೇ ಬಿಟ್ರೆ ನಾಳೆ ಮನುಷ್ಯರಿಗೂ ಬರುತ್ತೆ."

ಅವನು ಜಗ್ಗಲಿಲ್ಲ. ಅವಳು ಅವನ ಭುಜ ಹಿಡಿದು ಸರಿಸಿ, ಚಿಲಕ ತೆಗೆದಳು. ಮಹಾರಾಣಿ ಮೂಲೆಗೆ ಒತ್ತಿಕೊಂಡು ಹಲ್ಲು ಕಿಸಿಯಿತು. ಸೂಜಿ ಅದರ ತೊಡೆಯ ಹತ್ತಿರಕ್ಕೆ ಹೋಯಿತು.

ತಮ್ಮ ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಬೈಸಿಕೊಳ್ಳಲು ತಯಾರಾಗಿಯೇ ಇದ್ದ. ಆದರೂ ಮುಖದಲ್ಲಿ ಎಲ್ಲಿಲ್ಲದ ಗೆಲುವು.

"ಅಕ್ಕಾ, ಬೈಬೇಡ. ಇವಳಿಗೇನೂ ಆಗಿಲ್ಲ. ಎಲ್ಲಿ ಸಾಯಿಸಿಬಿಡ್ತೀರೋ ಅಂತ ಹೆದರಿ, ಅವತ್ತು ಆ ಕಡ್ಡೀನ ನನ್ನ ಗಂಟಲಿಗೇ ಹಾಕ್ಕೊಂಡಿದ್ದೆ."