ಹೆಸರು ಕೊಟ್ಟವಳು

"ಸೈನ್ ಅಪ್ ಮಾಡಿದ್ದು ನಾನೇ, ಸರ್. ಈಗ ಬ್ಯಾಕ್ ಔಟ್ ಮಾಡೋದಿಲ್ಲ. ಒಂದು ಜೀವದ ಪ್ರಶ್ನೆ ಅಂತ ಗೊತ್ತು. ಇಲ್ಲ, ಮನೇಲಿ ಹೇಳಿಲ್ಲ."

ಪರದೆಯ ಆಚೆ ಮಗಳ ದನಿ. ಈಚೆ ರಾಜೀವಿಯ ಹೊಲಿಗೆ ಮಷಿನ್ನು ನಿಂತಿತು.

ಸಿದ್ದಾಪುರದ ಪೇಟೆಯಲ್ಲಿ ಅವಳದು ರವಿಕೆ ಹೊಲಿಯುವ ಸಣ್ಣ ಅಂಗಡಿ. ಸಣ್ಣ ಆಪರೇಶನ್ ಎಂದು ಒಳಗೆ ಹೋದ ಗಂಡ ಹೆಣವಾಗಿ ಹೊರಗೆ ಬಂದಿದ್ದ. ಆಮೇಲೆ ಅವಳಿಗೆ ಉಳಿದವಳು ಸಮೃದ್ಧಿ ಒಬ್ಬಳೇ. ಮಗಳಿಗೆ ಜ್ವರ ಬಂದರೂ ರಾಜೀವಿ ಕಷಾಯ ಕುಡಿಸಿಯಾಳು, ಸೂಜಿ ಹಾಕಿಸಲೊಲ್ಲಳು.

"ಯಾರ ಫೋನೇ?"

"ಗೆಳತಿದು, ಆಯಿ."

ಗೆಳತಿಯನ್ನು ಯಾರಾದರೂ ಸರ್ ಎನ್ನುತ್ತಾರೆಯೇ?

ಅಂಗಡಿಯ ಮಹಡಿಯಲ್ಲಿ ಸಾಲೇಹಾ ಇಂಗ್ಲಿಷ್ ಟ್ಯೂಷನ್ ನಡೆಸುತ್ತಿದ್ದಳು. ರಾಜೀವಿ ಮೆಟ್ಟಿಲು ಹತ್ತಿದಳು.

"ಸೈನ್ ಅಪ್ ಅಂದ್ರೆ ಎಂತ, ಸಾಲೇಹಾ? ಸಹಿ ಹಾಕೋದಾ?"

"ಬರೀ ಸಹಿ ಅಲ್ಲ, ರಾಜೀವಕ್ಕ. ತಾನಾಗೇ ಹೆಸರು ಕೊಟ್ಟು ಸೇರಿಕೊಳ್ಳೋದು. ಕ್ಲಾಸಿಗೆ ಸೇರಿದ್ರೂ ಸೈನ್ ಅಪ್ಪೇ, ಮಿಲಿಟರಿಗೆ ಸೇರಿದ್ರೂ ಸೈನ್ ಅಪ್ಪೇ."

"ಕಳ್ಳರ ಗುಂಪಿಗೆ ಸೇರಿದ್ರೆ?"

ಸಾಲೇಹಾ ನಕ್ಕಳು. "ಅದಕ್ಕೂ ಆಗುತ್ತೆ. ಯಾಕೆ, ಸೇರ್ತೀರಾ?"

ರಾಜೀವಿಗೆ ನಗು ಬರಲಿಲ್ಲ. "ಬ್ಯಾಕ್ ಔಟ್ ಅಂದ್ರೆ?"

"ಸೇರಿದ ಮೇಲೆ ಹೆದರಿ ಹಿಂದೆ ಸರಿಯೋದು."

ಮರುದಿನ ಬೆಳಿಗ್ಗೆ ಸಮೃದ್ಧಿ ಹಾಲು ತರುತ್ತೇನೆಂದು ಹೋದಳು. ರಾಜೀವಿ ದೂರದಿಂದ ಹಿಂಬಾಲಿಸಿದಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಸ್ಕೂಟರು. ಮುಖಕ್ಕೆ ಮಾಸ್ಕ್ ಹಾಕಿದ ಹೆಂಗಸು. ಹೆಗಲಲ್ಲಿ ನೀಲಿ ಚೀಲ. ಇಬ್ಬರೂ ಪಕ್ಕದ ಬಾಡಿಗೆ ಕೋಣೆಯೊಳಗೆ ಹೋದರು, ಬಾಗಿಲು ಮುಚ್ಚಿತು. ಹೊರಗೆ ಬಂದಾಗ ಸಮೃದ್ಧಿ ತೋಳು ಉಜ್ಜಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಮಗಳಿಗೆ ಜೊಂಪು ಹತ್ತಿದಾಗ ರಾಜೀವಿ ತೋಳು ಸರಿಸಿ ನೋಡಿದಳು. ಸೂಜಿಯ ಗುರುತು. ಒಂದಲ್ಲ.

ಯಲ್ಲಾಪುರದ ಕಡೆ ಹುಡುಗರು ಮಾದಕದ ಚಟಕ್ಕೆ ಬಿದ್ದ ಸುದ್ದಿಯನ್ನು ಮೊನ್ನೆಯಷ್ಟೇ ಗಿರಾಕಿಯೊಬ್ಬಳು ಹೇಳಿದ್ದಳು. ಮೊದಲು ಚಟ ಹಿಡಿಸುತ್ತಾರಂತೆ, ಆಮೇಲೆ ಸಾಗಿಸುವ ಕೆಲಸಕ್ಕೆ ಹಚ್ಚುತ್ತಾರಂತೆ. ಸಮೃದ್ಧಿ ಮೈಕೈಯೆಲ್ಲ ನೋವು ಎಂದು ನಿದ್ದೆಯಲ್ಲೇ ನರಳಿದಳು. ಪೊಲೀಸರಿಗೆ ಹೇಳಿದರೆ ಮೊದಲು ಜೈಲಿಗೆ ಹೋಗುವವಳು ಇವಳೇ. ಹೇಳದಿದ್ದರೆ? ಆ ಒಂದು ಜೀವ ಯಾರದು?

ಎರಡು ದಿನ ರಾಜೀವಿ ಮಗಳ ಬೆನ್ನಿಗೇ ಸುತ್ತಿದಳು. ಕೇಳಲು ಬಾಯಿ ತೆರೆಯುವಳು, ಉತ್ತರಕ್ಕೆ ಹೆದರಿ ಮುಚ್ಚುವಳು.

ಮೂರನೆಯ ದಿನ ಸಮೃದ್ಧಿ ಬ್ಯಾಗು ತುಂಬಿದಳು. "ಆಯಿ, ಶಿರಸಿಗೆ ಹೋಗ್ತೆ. ಗೆಳತಿ ಮನೇಲಿ ಉಳೀತೆ."

ಹೊಸಿಲು ದಾಟಿದವಳು ತಿರುಗಿ ಬಂದು ತಾಯಿಯ ಕಾಲು ಮುಟ್ಟಿದಳು. ಶಿರಸಿಗೆ ಹೋಗುವಾಗ ಯಾವತ್ತೂ ಹಾಗೆ ಮಾಡಿದವಳಲ್ಲ.

ರಾಜೀವಿ ಓಡಿದಳು. ನಿಲ್ದಾಣದ ಬಳಿ ಬಿಳಿ ಕಾರು ನಿಂತಿತ್ತು. ಅದರ ಮುಖ ಶಿರಸಿಯತ್ತ ಇರಲಿಲ್ಲ, ಸಾಗರದತ್ತ ಇತ್ತು. ಮುಂದಿನ ಸೀಟಿನಲ್ಲಿ ಅದೇ ಮಾಸ್ಕಿನ ಹೆಂಗಸು, ಹಿಂದೆ ಸಮೃದ್ಧಿ. ರಾಜೀವಿ ಬಾಗಿಲು ಕಿತ್ತೆಳೆದಳು.

"ಕೂಸೇ, ಇಳಿ!"

ಸಮೃದ್ಧಿಯ ಮುಖ ಬಿಳಿಚಿತು. "ಆಗ್ತಿಲ್ಲೆ, ಆಯಿ. ಆನು ಈಗ ಹೋಗ್ದಿದ್ರೆ ಆ ಜೀವ ಉಳೀತಿಲ್ಲೆ."

"ಯಾರ ಜೀವ?"

"ಗೊತ್ತಿಲ್ಲೆ. ಹೆಸರು ಹೇಳ್ತ್ವಿಲ್ಲೆ."

ಹೆಸರಿಲ್ಲದ ಯಾರನ್ನೋ ಮುಂದಿಟ್ಟು ಮಗಳನ್ನು ಹೆದರಿಸಿದ್ದಾರೆ. ರಾಜೀವಿ ಸುತ್ತ ನೋಡಿದಳು. ಕೂಗಿದರೆ ಜನ ಸೇರುತ್ತಾರೆ. ಜನ ಸೇರಿದರೆ ಮಗಳ ಮಾನ ಬೀದಿಗೆ ಬೀಳುತ್ತದೆ. ಡ್ರೈವರು ಗಡಿಯಾರ ನೋಡಿಕೊಂಡ. "ತಡ ಆಗ್ತಿದೆ ಮೇಡಂ," ಎಂದ.

ರಾಜೀವಿ ಒಳಗೆ ನುಗ್ಗಿ ಮಗಳ ಪಕ್ಕ ಕೂತು, ಬಾಗಿಲು ಎಳೆದುಕೊಂಡಳು.

"ಇವಳನ್ನು ಎಲ್ಲಿಗೆ ಒಯ್ತೀರೋ, ನನ್ನನ್ನೂ ಅಲ್ಲಿಗೇ ಒಯ್ರಿ. ಏನು ಮಾಡೋದಿದ್ರೂ ಮೊದಲು ನನಗೆ ಮಾಡಿ."

ಕಾರು ಹೊರಟಿತು. ಪೇಟೆ ಹಿಂದಾಯಿತು. ಸಮೃದ್ಧಿ ತಾಯಿಯ ಹೆಗಲಿಗೆ ಮುಖ ಒತ್ತಿ ಬಿಕ್ಕಿದಳು. "ಹೇಳಿದ್ರೆ ನೀನು ಕಳಿಸ್ತಿದ್ದಿಲ್ಲೆ, ಆಯಿ."

ಮುಂದಿನ ಸೀಟಿನ ಹೆಂಗಸು ಮಾಸ್ಕ್ ತೆಗೆದು ಹಿಂದಕ್ಕೆ ತಿರುಗಿದಳು.

"ಹೆದರಬೇಡಿ ಅಮ್ಮಾ, ನಾನು ನರ್ಸು. ರಕ್ತದ ಕ್ಯಾನ್ಸರ್ ಆದ ಒಂದು ಮಗುವಿಗೆ ನಾಳೆ ಬೆಂಗಳೂರಲ್ಲಿ ನಿಮ್ಮ ಮಗಳು ಸ್ಟೆಮ್ ಸೆಲ್, ಅಂದ್ರೆ ಹೊಸ ರಕ್ತ ಹುಟ್ಟಿಸೋ ಕಣ, ದಾನ ಮಾಡ್ತಾಳೆ. ಆ ಕಣ ಹೆಚ್ಚಲಿ ಅಂತಲೇ ಸೂಜಿ ಹಾಕಿದ್ದು. ದೇಶವೆಲ್ಲ ಹುಡುಕಿದರೂ ಆ ಮಗುವಿಗೆ ಹೊಂದಿದ್ದು ಇವಳೊಬ್ಬಳ ರಕ್ತ."